ಮೊಟ್ಟೆಯ ಹಳದಿ, ಮಾಸ್ಕೋದ ಸನ್ಯಾಸಿ ಮತ್ತು ನಮ್ಮ ಭಾವನವರು

ನಮ್ಮ ಭಾವನವರಿಗೆ ಸ್ವಂತ ಅಳಿಯನ ಹೆಸರು ನೆನಪಾಗಲು ಎರಡು ನಿಮಿಷ ಬೇಕು. ಆದರೆ ಆರುನೂರು ವರ್ಷಗಳ ಹಿಂದೆ ಮಾಸ್ಕೋದ ಯಾವ ಸನ್ಯಾಸಿ ಯಾವ ಹಲಗೆಗೆ ಯಾವ ನೀಲಿ ಬಳಿದ ಎಂದು ಕೇಳಿ ನೋಡಿ! ಕೇಳುವ ಮೊದಲು ಮಾತ್ರ ಕುರ್ಚಿ ಹುಡುಕಿಕೊಂಡು ಕುಳಿತುಕೊಳ್ಳಿ. ನಿಂತು ಕೇಳಿದವರಿಗೆ ಮಂಡಿನೋವು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಭಾವನವರು ಎಂದರೆ ನಮ್ಮ ಯಜಮಾನರ ಅಣ್ಣ. ಇಲ್ಲೇ ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ, ನಮ್ಮ ಮನೆಯಿಂದ ಮೂರು ಬೀದಿ ಆಚೆ ಇದ್ದಾರೆ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟು ಪಡೆದು, ಒಂದು ಪೇಂಟ್ ಕಂಪನಿಯಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದವರು. ನಿವೃತ್ತಿಯಾದ ಗಂಡಸರು ಗಾಲ್ಫ್ ಆಡುತ್ತಾರೆ, ಷೇರು ನೋಡುತ್ತಾರೆ, ಹೆಂಡತಿಯ ಅಡುಗೆಮನೆಯ ಡಬ್ಬಿಗಳಿಗೆ ಹೊಸ ಲೇಬಲ್ ಅಂಟಿಸುತ್ತಾರೆ. ಇವರು ಹಳೆಯ ರಷ್ಯಾದ ದೇವರ ಪಟ ಬರೆದವರ ಹಿಂದೆ ಬಿದ್ದರು. ಐಕಾನ್ ಅಂದರೆ ಕಂಪ್ಯೂಟರಿನದು ಎಂದುಕೊಂಡು ನಾನು ಮೊದಲ ಆರು ತಿಂಗಳು ತಲೆಯಾಡಿಸಿದ್ದೆ. ಮರದ ಹಲಗೆಯ ಮೇಲೆ ಬರೆದು ಪೂಜಿಸುವ ಪಟ ಎಂದು ಆಮೇಲೆ ತಿಳಿಯಿತು.

"ಯಾಕೆ ಭಾವ ಈ ಹುಚ್ಚು?" ಎಂದು ಒಮ್ಮೆ ಕೇಳಿದೆ.

"ನಲವತ್ತು ವರ್ಷ ಪೇಂಟ್ ಮಾಡಿದೆ ಕಣಮ್ಮ. ಹತ್ತು ವರ್ಷದ ಗ್ಯಾರಂಟಿ. ಹನ್ನೊಂದನೇ ವರ್ಷ ಸಿಪ್ಪೆ ಸುಲಿಯುತ್ತೆ. ಇವ್ರು ಒಂದು ಮೊಟ್ಟೆ ಒಡೆದು ಬಳಿದದ್ದು ಆರುನೂರು ವರ್ಷ ಆದ್ರೂ ಅಲ್ಲೇ ಇದೆ. ನನಗೆ ಹೊಟ್ಟೆ ಉರಿಯಲ್ವಾ?"

ಹೊಟ್ಟೆ ಉರಿದವರು ಸುಮ್ಮನಿದ್ದರೆ ಸಾಕಿತ್ತು. ಇವರು ಸಂಧ್ಯಾವಂದನೆಯ ಪ್ರವರದ ಹಾಗೆ ಆ ಚಿತ್ರಕಾರರ ಪರಂಪರೆಯನ್ನೇ ಬಾಯಿಪಾಠ ಮಾಡಿದರು. ಗ್ರೀಕರ ನಾಡಿನಿಂದ ಬಂದ ಥಿಯೋಫನೀಸ್ ಹಿರಿಯರು. ಅವರ ಜೊತೆ ಕೆಲಸ ಮಾಡಿದವರು ಆಂಡ್ರೇ ರುಬ್ಲೆವ್, ಮೇಜಿನ ಸುತ್ತ ಕುಳಿತ ಮೂವರು ದೇವದೂತರನ್ನು ಬರೆದ ಸನ್ಯಾಸಿ. ಅವರ ಗೆಳೆಯ ಡೇನಿಯಲ್. ಆಮೇಲೆ ಮಕ್ಕಳನ್ನು ಕಟ್ಟಿಕೊಂಡು ಉತ್ತರದ ಮಠದ ಗೋಡೆ ತುಂಬಾ ಬರೆದ ಡಿಯೋನೀಸಿ. ಕೊನೆಗೆ ಅರಮನೆಯ ಕಾರ್ಖಾನೆಯ ಸೈಮನ್ ಉಷಕೋವ್. ಇದನ್ನು ಭಾವನವರು ಗೃಹಪ್ರವೇಶದಲ್ಲಿ ಹೇಳಿದ್ದಾರೆ, ಸೀಮಂತದಲ್ಲಿ ಹೇಳಿದ್ದಾರೆ, ರೂಟ್ ಒನ್ ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತಾಗ ಕಿಟಕಿ ಇಳಿಸಿ ಪಕ್ಕದ ಕಾರಿನವನಿಗೂ ಹೇಳಿದ್ದಾರೆ. ಸಿಗ್ನಲ್ ಹಸಿರಾದಾಗ ಆ ಮನುಷ್ಯ ಹೋದ ವೇಗವನ್ನು ನೀವು ನೋಡಬೇಕಿತ್ತು!

ಥಿಯೋಫನೀಸ್ ಮಾದರಿ ನೋಡದೆ, ಬಂದವರೊಡನೆ ಮಾತನಾಡುತ್ತ, ಅತ್ತಿತ್ತ ಓಡಾಡುತ್ತ ಚಿತ್ರ ಬರೆಯುತ್ತಿದ್ದರಂತೆ. ಭಾವನವರು ಇದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಮಾತು ಇದೆ, ಓಡಾಟ ಇದೆ. ಚಿತ್ರವೊಂದೇ ಬಾಕಿ.

ಈ ಪರಂಪರೆಯಲ್ಲಿ ನನಗೆ ಅರ್ಥವಾದವನು ಉಷಕೋವ್ ಒಬ್ಬನೇ. ಮಿಕ್ಕವರು ಪಟಕ್ಕೆ ಸಹಿ ಹಾಕುತ್ತಿರಲಿಲ್ಲವಂತೆ. ಇವನು ಹಾಕಿದ, ಇಸವಿಯನ್ನೂ ಬರೆದ. "ಅಹಂಕಾರ!" ಎಂದು ಭಾವನವರು ಮೂಗು ಮುರಿಯುತ್ತಾರೆ. ಅಹಂಕಾರವೇನು ಬಂತು? ಬೇಸ್‌ಮೆಂಟಿನಲ್ಲಿ ಸೀರೆ ಮಾರಲು ಶುರುಮಾಡಿ, ಇವತ್ತು ಸ್ವಂತ ಅಂಗಡಿ ನಡೆಸುತ್ತಿರುವ ನನ್ನನ್ನು ಕೇಳಿ. ಹೆಸರಿಲ್ಲದ ಸರಕನ್ನು ಗಿರಾಕಿ ಮುಟ್ಟಿಯೂ ನೋಡುವುದಿಲ್ಲ. ನೀವು ಏನೇ ಮಾಡಿ, ಹಪ್ಪಳವೇ ಮಾಡಿ, ಮೇಲೊಂದು ಹೆಸರು ಹಾಕಿ.

ಇನ್ನು ಮೊಟ್ಟೆಯ ಪ್ರಕರಣ. ಬಣ್ಣದ ಪುಡಿಯನ್ನು ಮೊಟ್ಟೆಯ ಹಳದಿಯಲ್ಲಿ ಕಲಸಬೇಕು. ನಾನು ಅಕ್ಕ ಎಂದು ಕರೆಯುವ ನಮ್ಮ ಓರಗಿತ್ತಿಯ ಮನೆಯಲ್ಲಿ ಈರುಳ್ಳಿಗೇ ವಾರಕ್ಕೆ ಎರಡು ದಿನ ಪ್ರವೇಶವಿಲ್ಲ. ಮೊಟ್ಟೆ ಎಂದ ಕೂಡಲೇ ಅಕ್ಕ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು.

"ತಿನ್ನೋಕಲ್ಲ ಕಣೇ, ಬಳಿಯೋಕೆ!"

"ತಿಂದ್ರೆ ಹೊಟ್ಟೇಲಿ ಕರಗಿ ಹೋಗುತ್ತೆ. ಬಳಿದ್ರೆ ಆರುನೂರು ವರ್ಷ ಮನೇಲಿರುತ್ತೆ ಅಂತ ನೀವೇ ಹೇಳಿದ್ರಲ್ಲ!"

ಹೀಗಾಗಿ ಪ್ರತಿ ಶನಿವಾರ ಭಾವನವರು ನಮ್ಮ ಮನೆಗೆ ಬಂದು, 'ಮಕ್ಕಳಿಗೋಸ್ಕರ' ನಮ್ಮ ಫ್ರಿಜ್‌ನಲ್ಲಿ ಇರುವ ಮೊಟ್ಟೆ ಒಡೆದು, ಹಳದಿಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಹೊರಳಿಸಿ ಒರೆಸಿ, ಪೊರೆ ಚುಚ್ಚಿ, ರಸವನ್ನು ಬಟ್ಟಲಿಗೆ ಇಳಿಸಿಕೊಳ್ಳುತ್ತಿದ್ದರು. ಉಳಿದ ಬಿಳಿಯನ್ನು ಚೆಲ್ಲುವ ಜಾಯಮಾನ ನನ್ನದಲ್ಲ. ಆಮ್ಲೆಟ್ ಮಾಡಿ ಯಜಮಾನರಿಗೆ ಕೊಟ್ಟೆ. ಅವರ ಕೊಲೆಸ್ಟ್ರಾಲ್ ಇಳಿಯಿತು. ಇದರ ಶ್ರೇಯಸ್ಸು ಪೂರ್ತಿಯಾಗಿ ಮಧ್ಯಯುಗದ ರಷ್ಯಾಕ್ಕೆ ಸಲ್ಲಬೇಕು.

ಪಟ ಬರೆಯುವ ಮೊದಲು ಆ ಸನ್ಯಾಸಿಗಳು ಉಪವಾಸ ಮಾಡುತ್ತಿದ್ದರಂತೆ. ಭಾವನವರೂ ಶುರುಮಾಡಿದರು. ಹುಟ್ಟಿದಾಗಿನಿಂದ ಅಸಿಡಿಟಿ ಎಂದು ಏಕಾದಶಿ ತಪ್ಪಿಸಿಕೊಂಡು ಬಂದ ಮನುಷ್ಯ! "ನಮ್ಮ ಮಠದ ಸ್ವಾಮಿಗಳು ಹೇಳಿದ್ರೆ ಕೇಳಲಿಲ್ಲ, ರಷ್ಯಾದ ಸ್ವಾಮಿಗಳು ಹೇಳಿದ್ರೆ ಕೇಳ್ತೀರಾ?" ಎಂದು ಅಕ್ಕ ಕುದಿದರು. ಆದರೂ ಹೇಗೋ ಏಕಾದಶಿ ನಡೆಯಿತಲ್ಲ ಎಂದು ಮರುದಿನ ಪಾರಣೆಗೆ ಪಾಯಸ ಮಾಡಿದರು. ಇಷ್ಟೆಲ್ಲ ಸಾಧನೆಯಾದ ಮೇಲೆ ಭಾವನವರು ಬರೆದ ದೇವದೂತನನ್ನು ನೋಡಿ ನನ್ನ ಮಗಳು, "ದೊಡ್ಡಪ್ಪಾ, ಹೀ ಲುಕ್ಸ್ ಲೈಕ್ ಹೀ ಮಿಸ್ಡ್ ಹಿಸ್ ಟ್ರೇನ್" ಎಂದಳು. ಭಾವನವರು ಪಟವನ್ನು ತಿರುಗಿಸಿ ಗೋಡೆಗೆ ಒರಗಿಸಿದರು.

ಅವರನ್ನು ಕರೆದುಕೊಂಡು ಯಾವತ್ತೂ ವ್ಯಾಪಾರಕ್ಕೆ ಹೋಗಬೇಡಿ. ಇದು ನನ್ನ ಖಚಿತ ಸಲಹೆ. ಒಮ್ಮೆ ಒಂದು ಮನೆಯ ಹಳೇ ಸಾಮಾನಿನ ಮಾರಾಟದಲ್ಲಿ ಹಿತ್ತಾಳೆ ಕಟ್ಟಿನ ಒಂದು ಪುಟ್ಟ ಐಕಾನ್ ಕಂಡಿತು. ನಾನು ಕೈಗೆತ್ತಿಕೊಂಡು, ಮುಖ ಸಿಂಡರಿಸಿ, ಬಿರುಕು ತೋರಿಸಿ, ವಾಪಸ್ ಇಟ್ಟು, ಹೊರಟಂತೆ ಮಾಡಿ, ಮಾರುವವಳನ್ನು ಅರ್ಧಕ್ಕೆ ಇಳಿಸಿದ್ದೆ. ಭಾವನವರು ಹಿಂದಿನಿಂದ ಬಂದು ಕನ್ನಡಕ ಏರಿಸಿ, "ನೋ ನೋ, ಮೇಡಂ, ಇಷ್ಟು ಕಡಿಮೆಗೆ ಕೊಡಬೇಡಿ, ಇದು ಒಳ್ಳೆ ಕೆಲಸ!" ಎಂದರು. ಆಕೆ ಅದನ್ನು ಎತ್ತಿ ಒಳಗಿಟ್ಟಳು. ಮನೆಗೆ ಬರುವವರೆಗೆ ನಾನು ಮಾತನಾಡಲಿಲ್ಲ. ಅವರು ಅದನ್ನು ಗಮನಿಸಲೂ ಇಲ್ಲ. ದಾರಿಯುದ್ದಕ್ಕೂ ಡಿಯೋನೀಸಿಯ ಮಕ್ಕಳ ವಿಷಯ ನಡೆದಿತ್ತು.

ಇಂಥವರಿಗೆ ಕಳೆದ ಬೇಸಗೆಯಲ್ಲಿ ನಿಜವಾದ ಪರೀಕ್ಷೆ ಬಂತು.

ಭಾವನವರ ಮನೆಯ ಎದುರು ಒಬ್ಬ ರಷ್ಯನ್ ಅಜ್ಜಿ ಇದ್ದರು. ಎಂಬತ್ತು ದಾಟಿದವರು, ಒಂಟಿ. ಮನೆ ಮಾರಿಯಾಗಿತ್ತು, ಶನಿವಾರ ಮಗ ಬಂದು ಫ್ಲೋರಿಡಾಕ್ಕೆ ಕರೆದೊಯ್ಯುವವನಿದ್ದ. ಗುರುವಾರ ಬೆಳಗ್ಗೆ ಅಜ್ಜಿ ಭಾವನವರನ್ನು ಕರೆಸಿದರು. ಜೊತೆಗೆ ನಾನೂ ಹೋದೆ. ಮನೆ ಖಾಲಿ ಮಾಡುವವರ ಹತ್ತಿರ ಒಳ್ಳೆಯ ಪಾತ್ರೆಗಳಿರುತ್ತವೆ, ಅದನ್ನೇಕೆ ಮುಚ್ಚಿಡಲಿ?

ಊಟದ ಕೋಣೆಯ ಮೂಲೆಯಲ್ಲಿ, ಎತ್ತರದಲ್ಲಿ, ಒಂದು ಕಪ್ಪು ಹಲಗೆ. ಮುಂದೆ ಕೆಂಪು ಗಾಜಿನ ಪುಟ್ಟ ದೀಪ. ಹಲಗೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಕಾವಲಿಯಷ್ಟು ಕಪ್ಪು.

"ನನ್ನ ತಾಯಿ ಕಂಬಳಿಯಲ್ಲಿ ಸುತ್ತಿ ತಂದದ್ದು," ಎಂದರು ಅಜ್ಜಿ ಇಂಗ್ಲಿಷಿನಲ್ಲಿ. "ಆಗಲೇ ಕಪ್ಪಗಿತ್ತು. ತಾಯಿ ಇದು ಸಂತ ನಿಕೋಲಸ್ ಅಂತಿದ್ದಳು. ಚಿಕ್ಕಮ್ಮ ಅಲ್ಲ, ದೇವಮಾತೆ ಅಂತಿದ್ದಳು. ನಾನು ಎಪ್ಪತ್ತು ವರ್ಷದಿಂದ ದೀಪ ಹಚ್ಚುತ್ತಿದ್ದೇನೆ. ಮಗ ಹೇಳುತ್ತಾನೆ, ಅಮ್ಮಾ, ಅದರಲ್ಲಿ ಯಾರೂ ಇಲ್ಲ, ಬರೀ ಹಲಗೆ, ಬಿಟ್ಟು ಬಾ ಅಂತ." ದನಿ ತಗ್ಗಿಸಿ ಕೇಳಿದರು: "ಡಾಕ್ಟರ್, ಒಳಗೆ ಯಾರಾದರೂ ಇದ್ದಾರೆಯೇ? ನನಗೆ ತಿಳಿಯಬೇಕು."

ಅಗಸೆಎಣ್ಣೆಯ ಮೆರುಗು ವರ್ಷಗಳು ಕಳೆದಂತೆ ಕಪ್ಪಾಗುತ್ತದೆ, ಅದರ ಮೇಲೆ ದೀಪದ ಹೊಗೆ ಕೂರುತ್ತದೆ, ಅಡಿಯಲ್ಲಿ ಬಣ್ಣ ಹಾಗೇ ಉಳಿದಿರಬಹುದು. ಎಷ್ಟೋ ಹಲಗೆಗಳಲ್ಲಿ ಪೂರ್ತಿ ಉದುರಿಹೋಗಿರಲೂಬಹುದು. ಇದೆಲ್ಲ ಭಾವನವರಿಗೆ ಗೊತ್ತಿತ್ತು. ಪರಿಣತರ ಹತ್ತಿರ ಕಳಿಸೋಣ ಎಂದರು. ಅವರು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ, ತನಗಿರುವುದು ಎರಡು ದಿನ ಎಂದರು ಅಜ್ಜಿ.

ನಾನು ಭಾವನವರನ್ನು ಪಡಸಾಲೆಗೆ ಎಳೆದು ಕನ್ನಡದಲ್ಲಿ ಬಡಬಡಿಸಿದೆ. "ಮುಟ್ಟಬೇಡಿ ಭಾವ! ಹಾಳಾದ್ರೆ ಮಗ ಕೋರ್ಟಿಗೆ ಹೋಗ್ತಾನೆ. ಮುಟ್ಟಲೇಬೇಕು ಅಂದ್ರೆ ಮೊದಲು ಫೋಟೋ ತೆಗೀರಿ, ಅವರ ಹತ್ರ ಒಂದು ಸೈನ್ ಹಾಕಿಸ್ಕೊಳ್ಳಿ."

ಭಾವನವರು ಕತ್ತು ತಿರುಗಿಸಿ ಆ ಹಲಗೆಯನ್ನೇ ನೋಡಿದರು. ಹದಿನೈದು ವರ್ಷಗಳಲ್ಲಿ ಅವರು ಮಾತಿಲ್ಲದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಭಯವಾಯಿತು.

ಶುಕ್ರವಾರ ಬೆಳಗ್ಗೆ ಉಪಕರಣಗಳ ಪೆಟ್ಟಿಗೆ ಹಿಡಿದು ಅಜ್ಜಿಯ ಮನೆಗೆ ಬಂದರು. ಮುಖ ಒಣಗಿತ್ತು. ಕಾಫಿ ಕೂಡ ಕುಡಿದಿಲ್ಲ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದರು. ಹಲಗೆಯನ್ನು ಕಿಟಕಿಯ ಬಳಿ ಮೇಜಿನ ಮೇಲೆ ಮಲಗಿಸಿದರು. ಪೂರ್ತಿ ತೆಗೆಯುವುದಿಲ್ಲ, ಅಂಚೆಚೀಟಿಯಷ್ಟು ಜಾಗ ಮಾತ್ರ, ಮುಖ ಇರಬೇಕಾದ ಕಡೆ ಎಂದರು. ನನ್ನನ್ನು ಪಕ್ಕಕ್ಕೆ ಕರೆದು, "ಅಜ್ಜೀನ ಅಡುಗೆಮನೇಲೇ ಇಟ್ಕೋಮ್ಮ. ನಾನು ಕರೆಯೋವರೆಗೂ ಈ ಕಡೆ ಬಿಡಬೇಡ," ಎಂದರು.

ಅಜ್ಜಿಯನ್ನು ಹಿಡಿದಿಡುವುದು ಹೇಗೆ? ನನಗೆ ಗೊತ್ತಿರುವ ವಿದ್ಯೆ ಒಂದೇ. ಅಲ್ಲಿ ಒಂದು ಸಮೋವರ್ ಇತ್ತು, ಚಹಾದ ನೀರು ಕಾಯಿಸುವ ಹಿತ್ತಾಳೆಯ ಹಂಡೆ. ಅದಕ್ಕೆ ಚೌಕಾಸಿ ಶುರುಮಾಡಿದೆ. ಹಿಡಿ ಸರಿಯಿಲ್ಲ ಎಂದೆ, ಕೊಳಾಯಿ ಸೋರುತ್ತದೆ ಎಂದೆ, ಮುಚ್ಚಳ ಬೇರೆಯದು ಎಂದೆ. ಅಜ್ಜಿಯೂ ಕಡಿಮೆಯವರಲ್ಲ. "ನನಗೆ ಸುಳ್ಳು ಹೇಳಬೇಡ ಹುಡುಗಿ, ನಾನು ಬ್ರೂಕ್ಲಿನ್‌ನಲ್ಲಿ ಮೀನು ಮಾರಿದವಳು!" ಎಂದರು. ಬೇರೆ ದಿನವಾಗಿದ್ದರೆ ನನಗೆ ಸ್ವರ್ಗವೇ ಸಿಕ್ಕಂತಾಗುತ್ತಿತ್ತು. ಆದರೆ ಇಬ್ಬರ ಕಿವಿಯೂ ಪಕ್ಕದ ಕೋಣೆಯಲ್ಲಿತ್ತು. ನನ್ನ ಜನ್ಮದಲ್ಲಿ ಒಂದು ವ್ಯಾಪಾರವನ್ನು ಅಷ್ಟು ನಿಧಾನವಾಗಿ ಎಳೆದಿರಲಿಲ್ಲ. ಒಂದು ಹಂತದಲ್ಲಿ ನಾನು ಬೆಲೆ ಏರಿಸುತ್ತಿದ್ದೆ, ಅಜ್ಜಿ ಇಳಿಸುತ್ತಿದ್ದರು. ಇಬ್ಬರಿಗೂ ಅದು ಗೊತ್ತಾಗಲಿಲ್ಲ.

ಸ್ಪಿರಿಟ್ಟಿನ ಘಾಟು ಬಂತು. ಹತ್ತಿ ಉಜ್ಜುವ ಸದ್ದು. ಮತ್ತೆ ಏನೂ ಇಲ್ಲ. ತುಂಬಾ ಹೊತ್ತು ಏನೂ ಇಲ್ಲ.

"ಬನ್ನಿ," ಎಂದರು ಭಾವನವರು.

ಕಪ್ಪು ಹಲಗೆಯ ನಡುವೆ ಪುಟ್ಟ ಚೌಕ. ಚೌಕದೊಳಗೆ ಒಂದು ಕಣ್ಣು! ಕಂದು ಬಣ್ಣದ ದೊಡ್ಡ ಕಣ್ಣು, ಕೆಳಗೆ ಹಸಿರು ನೆರಳು, ಅಂಚಿನಲ್ಲಿ ಜೇನಿನಂಥ ಹಳದಿ. ಈಗಷ್ಟೇ ಎಚ್ಚರವಾದ ಹಾಗೆ ಅದು ನೇರವಾಗಿ ಅಜ್ಜಿಯನ್ನು ನೋಡುತ್ತಿತ್ತು. ನನ್ನ ಎದೆಯ ಮೇಲಿದ್ದ ಬಂಡೆ ಉರುಳಿಹೋಯಿತು. ಕೋರ್ಟು, ಮಗ, ಫ್ಲೋರಿಡಾ, ಎಲ್ಲ ಒಟ್ಟಿಗೆ!

"ಯಾರದು ಭಾವ? ನಿಕೋಲಸ್ಸೋ, ದೇವಮಾತೆಯೋ?"

"ಇಷ್ಟರಲ್ಲಿ ಗೊತ್ತಾಗಲ್ಲಮ್ಮ." ಅಜ್ಜಿಯ ಕಡೆ ತಿರುಗಿ, "ಇನ್ನೂ ಸ್ವಲ್ಪ ತೆಗೆಯಲೇ?" ಎಂದು ಕೇಳಿದರು.

ಅಜ್ಜಿ ಕೈ ಅಡ್ಡ ಹಿಡಿದರು. "ಬೇಡ ಡಾಕ್ಟರ್. ನೋಡುತ್ತಿದ್ದಾರಲ್ಲ. ಸಾಕು." ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಭಾವನವರ ಹಣೆಗೆ ಮುತ್ತಿಟ್ಟು, ಟೀ ಇಡಲು ಒಳಗೆ ಹೋದರು. ಹಾಡುವುದು ಕೇಳಿಸಿತು.

ಭಾವನವರು ಕುರ್ಚಿಯ ಮೇಲೆ ಕುಸಿದರು. ನಾನೇ ಸಾಮಾನು ಎತ್ತಿಡಲು ಹೋದೆ. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದೆ. ಒಳಗೆ ಆಗತಾನೇ ಕಲಸಿಟ್ಟ ಬಣ್ಣ: ಕಂದು, ಹಸಿರು, ಸ್ವಲ್ಪ ಹಳದಿ. ಪಕ್ಕದಲ್ಲಿ ಕೂದಲೆಳೆಯಂಥ ಕುಂಚ.

ನಾನು ಡಬ್ಬಿಯನ್ನು ನೋಡಿದೆ, ಹಲಗೆಯನ್ನು ನೋಡಿದೆ, ಅವರನ್ನು ನೋಡಿದೆ.

"ಏನೂ ಸಿಗದೇ ಹೋಗಿದ್ರೆ ಅಂತ..." ಎಂದರು ಭಾವನವರು ನೆಲ ನೋಡುತ್ತ. "ಎಪ್ಪತ್ತು ವರ್ಷ ದೀಪ ಹಚ್ಚಿದ್ದಾರೆ. ಯಾರೂ ಇರಲಿಲ್ಲ ಅಂತ ನಾನು ಹ್ಯಾಗಮ್ಮ ಹೇಳ್ಲಿ?"

ಯಾರು ಏನು ಹೇಳಿದರೂ ಒಮ್ಮೆ ಉಜ್ಜಿ ನೋಡದೆ ನಂಬುವವಳಲ್ಲ ನಾನು. ಕುಂಚದ ತುದಿಯನ್ನು ಬೆರಳಿಗೆ ತಾಕಿಸಿದೆ. ಪೂರ್ತಿ ಒಣಗಿತ್ತು. ಇವತ್ತು ಬಣ್ಣವಿರಲಿ, ನೀರು ಕೂಡ ಕಂಡಿರಲಿಲ್ಲ.

ಅಡುಗೆಮನೆಯ ಕಡೆಯಿಂದ ಟೀ ಬಟ್ಟಲುಗಳ ಸದ್ದು ಹತ್ತಿರವಾಯಿತು. ನಾನು ಡಬ್ಬಿಯ ಮುಚ್ಚಳ ಒತ್ತಿ ನನ್ನ ಕೈಚೀಲದ ತಳಕ್ಕೆ ಹಾಕಿಕೊಂಡೆ. "ಕನ್ನಡಕ ಒರೆಸಿಕೊಳ್ಳಿ ಭಾವ, ಅಜ್ಜಿ ಬರ್ತಿದ್ದಾರೆ," ಎಂದೆ.