ತಾರಸಿಯ ಮೇಲಿನ ಸಮಾಧಿ ಕುರಿತು ಡ್ರೋನ್ ಮಹಾಶಯರಿಗೆ

ಹಿಂದೂಪುರ
ಈಸ್ಟರ್ ಮಾರನೆಯ ಸೋಮವಾರ, ಏಪ್ರಿಲ್ ೨೦೨೦

ಆಕಾಶಮಾರ್ಗದಲ್ಲಿ ಸಂಚರಿಸುತ್ತ, ನೆಲದ ಮೇಲಿರುವ ನಮ್ಮಂಥವರ ಯೋಗಕ್ಷೇಮವನ್ನು ಕರೆಯದೆಯೇ ಬಂದು ವಿಚಾರಿಸಿಕೊಳ್ಳುವ ಶ್ರೀಮಾನ್ ಡ್ರೋನ್ ಕ್ಯಾಮೆರಾ ಅವರ ಸಮ್ಮುಖಕ್ಕೆ, ರೆಡ್ ಝೋನಿನ ನಿವಾಸಿ, ಟೈಲರ್ ಸುಷ್ಮಾ ತಲೆಯೆತ್ತಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ನಾವಿಲ್ಲಿ ಕ್ಷೇಮವೆಂದು ಬರೆದು ಪತ್ರ ಆರಂಭಿಸುವುದು ವಾಡಿಕೆ. ಆದರೆ ತಾವು ಬೆಳಿಗ್ಗೆ ಸಂಜೆ ನಮ್ಮ ತಾರಸಿಯ ಮೇಲೆ ಹಾದು, ಒಣಹಾಕಿದ ಬಟ್ಟೆಯಿಂದ ಹಿಡಿದು ಸಂಡಿಗೆಯವರೆಗೆ ಎಲ್ಲವನ್ನೂ ಕಣ್ಣಾರೆ ಕಂಡು ಹೋಗುತ್ತಿರುವುದರಿಂದ ಆ ಸಾಲನ್ನು ಬಿಟ್ಟಿದ್ದೇನೆ. ಅಂಚೆ ಡಬ್ಬಿಯವರೆಗೆ ಹೋಗಲು ನಮಗೆ ಅನುಮತಿಯಿಲ್ಲ, ಲಕೋಟೆ ಹರಿಯಲು ತಮಗೆ ಕೈಯಿಲ್ಲ. ಆದ್ದರಿಂದ ಬ್ಲೌಸ್ ಅಳತೆ ಕತ್ತರಿಸುವ ದೊಡ್ಡ ಕಾಗದಗಳ ಮೇಲೆ ದಪ್ಪಕ್ಷರದಲ್ಲಿ ಬರೆದು, ಮೂಲೆಗಳಿಗೆ ಕಲ್ಲಿಟ್ಟು, ತಾರಸಿಯ ಮೇಲೆ ಹರಡಿದ್ದೇನೆ. ಪತ್ರ ಇದಕ್ಕಿಂತ ಬಹಿರಂಗವಾಗಿರಲು ಸಾಧ್ಯವಿಲ್ಲ. ಓದಿ ಮುಗಿಯುವತನಕ ದಯಮಾಡಿ ಸ್ವಲ್ಪ ಎತ್ತರದಲ್ಲೇ ನಿಲ್ಲಿ. ತಮ್ಮ ಗಾಳಿ ಜೋರು.

ತಮ್ಮ ಪರಿಚಯ ನಮಗೆ ಹೊಸದಲ್ಲ. ಬೀದಿ ಕಾಯುವ ಈ ಘನ ಕೆಲಸಕ್ಕೆ ಪೊಲೀಸರಿಗೆ ಎರವಲು ಹೋಗುವ ಮೊದಲು ತಾವು ಹರಿಕೃಷ್ಣನ ಫೋಟೋ ಸ್ಟುಡಿಯೋದಲ್ಲಿದ್ದು ಮದುವೆಗಳ ಮೇಲೆ ಹಾರುತ್ತಿದ್ದವರು. ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಮಗಳು ಮೀನಾಳ ಮದುವೆಗೂ ಚಿತ್ತೈಸಿದ್ದಿರಿ. ಅಂದು ಬಿರಿಯಾನಿ ಹಂಡೆಗಳ ಕಾವಲಿಗೆ ನಿಂತಿದ್ದ ನನ್ನ ತಂದೆ ಎರ್ರಪ್ಪನವರು ತಮ್ಮನ್ನು ಹದ್ದೆಂದು ತಿಳಿದು, ಹೆಗಲ ಮೇಲಿನ ಬಿಳಿ ಟವಲ್ಲನ್ನು ಬೀಸುತ್ತ, "ಪೋ! ಪೋ! ಇನ್ನೊಂದ್ಸಲ ಬಾ ನೀನು, ಕಲ್ಲಲ್ಲಿ ಹೊಡೆದ್ಬುಡ್ತೀನಿ ಕಣ್ಲಾ!" ಎಂದು ಅಟ್ಟಿಸಿಕೊಂಡು ಬಂದದ್ದು ತಮಗೆ ನೆನಪಿರಬಹುದು. ಆ ಅವಮರ್ಯಾದೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಈಗ ಕಲ್ಯಾಣದುರ್ಗದ ಸಮಾಧಿ ತೋಟದಲ್ಲಿ, ಬೇಲಿಯ ಕಡೆಯ ಸಾಲಿನಲ್ಲಿದ್ದಾರೆ.

ನನ್ನ ದೂರು ಅಲ್ಲಿಂದಲೇ ಶುರುವಾಗುತ್ತದೆ. ನಮ್ಮ ಕಡೆಯ ಕ್ರೈಸ್ತರಲ್ಲಿ ಈಸ್ಟರ್ ಹಿಂದಿನ ಶನಿವಾರ ಸತ್ತವರ ಸಮಾಧಿಗೆ ಸುಣ್ಣ ಬಳಿಯುತ್ತೇವೆ. ಭಾನುವಾರ ಬೆಳಕು ಹರಿಯುವ ಮುನ್ನ ಬಿಳಿ ಬಟ್ಟೆ ಉಟ್ಟು ಹೋಗಿ, ಮೇಣದಬತ್ತಿ ಹಚ್ಚಿ, ಹಾಡುತ್ತೇವೆ. ಇದು ಎಲ್ಲರದು. ನಮ್ಮ ಮನೆತನದ್ದು ಇನ್ನೊಂದಿದೆ: ಹೋದವರ ಮೊದಲನೇ ಈಸ್ಟರಿನಲ್ಲಿ ಹತ್ತಿರದವರೊಬ್ಬರು ಸಮಾಧಿಯ ಮೇಲೆ ಕೈಯಿಟ್ಟು, ಅವರ ಹೆಸರು ಹಿಡಿದು ಕೂಗಿ, ಕ್ರಿಸ್ತ ಎದ್ದ ಸುದ್ದಿಯನ್ನು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ, ಎಲ್ಲರೂ ಎದ್ದು ಹೋದ ಮೇಲೂ ಮಲಗಿಯೇ ಇರುತ್ತಾರೆ ಎಂದು ನನ್ನ ತಾಯಿ ಮುನೆಮ್ಮನ ನಂಬಿಕೆ. ಪಾಸ್ಟರು ಇದನ್ನು ಒಪ್ಪುವುದಿಲ್ಲ. ಹಾಗೆಂದು ಅಮ್ಮನ ಎದುರಿಗೆ ಹೇಳುವ ಧೈರ್ಯವನ್ನೂ ಮಾಡಿದವರಲ್ಲ.

ಅಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲೆಂದು ಮಾರ್ಚಿನಲ್ಲಿ ಹಿಂದೂಪುರಕ್ಕೆ ಬಂದವಳು ಲಾಕ್‌ಡೌನಿಗೆ ಸಿಕ್ಕಿಕೊಂಡಳು. ಪೊರೆ ಹೋಯಿತು, ಬಸ್ಸೂ ಹೋಯಿತು. ಕಪ್ಪು ಕನ್ನಡಕ ಹಾಕಿಕೊಂಡು ದಿನವೂ ಬಾಗಿಲಲ್ಲಿ ನಿಂತು, "ನಾನು ಹೋಯ್ತೀನಿ ಕಣಮ್ಮಾ, ನಡ್ಕೊಂಡಾದ್ರೂ ಹೋಯ್ತೀನಿ, ನಿಮ್ಮಪ್ಪನಿಗೆ ಯಾರು ಹೇಳ್ಬೇಕು?" ಎನ್ನುತ್ತಿದ್ದಳು. ನನ್ನ ಗಂಡ ಓಬುಳೇಶ್ ಒಂದು ದಿನ ಬೀದಿಯ ಪೊಲೀಸರಿಗೆ ಕೈಮುಗಿದು ಅನುಮತಿ ಕೇಳಿಕೊಂಡು, ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೂಬಿಟ್ಟ. ಸೋಮಂದೇಪಲ್ಲಿಯ ಚೆಕ್‌ಪೋಸ್ಟಿನಲ್ಲಿ ತಡೆದು, ಸತ್ತವರನ್ನು ನೋಡಲು ಹೋಗುವುದು ತುರ್ತು ಕೆಲಸವಲ್ಲವೆಂದು ತಿಳಿಸಿ ವಾಪಸ್ಸು ಕಳಿಸಿದರು. ಸತ್ತವರಿಗೆ ಅವಸರವಿಲ್ಲ ಎಂಬುದು ನಿಜವೇ. ಅವಸರ ಇದ್ದದ್ದು ಅಮ್ಮನಿಗೆ.

ಹಬ್ಬವನ್ನು ಮನೆಯಲ್ಲೇ ಶಾಂತವಾಗಿ ಆಚರಿಸಿ ಎಂದು ತಾವು ಕೊರಳಿಗೆ ಕಟ್ಟಿಕೊಂಡ ಮೈಕಿನಲ್ಲಿ ಸಾರಿದಿರಿ. ನಾವು ಪಾಲಿಸಿದೆವು. ಈಸ್ಟರಿಗೆ ವಾರ ಮುಂಚಿನ ಗರಿಗಳ ಭಾನುವಾರ ತೆಂಗಿನ ಗರಿಯೊಂದನ್ನು ಕಿಟಕಿಗೆ ಸಿಕ್ಕಿಸಿ ಹಬ್ಬವೆಂದುಕೊಂಡೆವು. ಶುಭ ಶುಕ್ರವಾರ ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಕುರಿತ ಪಾಸ್ಟರ ಪ್ರಸಂಗವನ್ನು ಫೋನಿನಲ್ಲಿ ಕೇಳಿದೆವು. ನಾಲ್ಕನೆಯ ಮಾತಾದ "ದೇವರೇ, ಯಾಕೆ ನನ್ನ ಕೈಬಿಟ್ಟೆ" ಎಂಬಲ್ಲಿಗೆ ಸರಿಯಾಗಿ ನೆಟ್‌ವರ್ಕ್ ಹೋಗಿ, ಪಾಸ್ಟರು ಬಾಯಿ ತೆರೆದಂತೆಯೇ ನಿಂತುಬಿಟ್ಟರು. ಉಳಿದ ಮೂರು ಮಾತುಗಳನ್ನು ನಾವೇ ನೆನಪು ಮಾಡಿಕೊಂಡೆವು. ಇಷ್ಟು ಶಾಂತವಾದ ಹಬ್ಬವನ್ನು ನಮ್ಮ ವಂಶದಲ್ಲಿ ಯಾರೂ ಕಂಡಿರಲಿಲ್ಲ.

ಶನಿವಾರ ಅಮ್ಮ ತಾರಸಿ ಹತ್ತಿದಳು. ಅಲ್ಲೊಂದು ಹಳೆಯ ಸಿಮೆಂಟ್ ತೊಟ್ಟಿಯಿದೆ: ಆಳುದ್ದ, ಮಂಡಿಯೆತ್ತರ, ಮೇಲೆ ಎರಡು ಕಡಪ ಕಲ್ಲಿನ ಚಪ್ಪಡಿ. ಬಿರುಕು ಬಿಟ್ಟು ನೀರು ನಿಲ್ಲದೆ ಎಂದೋ ಕೈಬಿಟ್ಟದ್ದು. ಅದನ್ನು ಸುತ್ತು ಬಂದು ನೋಡಿ, "ಸುಣ್ಣ ಕಲಸ್ಕೊಂಡು ಬಾರಪ್ಪ ಓಬುಳೇಶಾ. ಈ ವರ್ಸ ಇಲ್ಲೇ ಅವ್ನೆ ಅನ್ಕೊಂಡು ಹೇಳ್ಬುಡ್ತೀನಿ" ಎಂದಳು. ಅಳಿಯ ಅತ್ತೆಯ ಮಾತು ಮೀರುವವನಲ್ಲ. ತೊಟ್ಟಿಗೆ ಎರಡು ಕೈ ಸುಣ್ಣ ಬಿತ್ತು. ಅಪ್ಪನದೇ ಒಂದು ಗುರುತಿರಲೆಂದು ಅವರ ಟವಲ್ಲನ್ನು, ತಮ್ಮನ್ನು ಓಡಿಸಿದ ಅದೇ ಟವಲ್ಲನ್ನು, ಮಡಿಸಿ ಒಳಗಿಟ್ಟು ಚಪ್ಪಡಿ ಮುಚ್ಚಿದಳು. ಹೂವಿನ ಅಂಗಡಿ ಇಲ್ಲದ್ದರಿಂದ ನುಗ್ಗೆ ಹೂವನ್ನೇ ಸುರಿದೆವು.

ಭಾನುವಾರ ನಸುಕಿನಲ್ಲಿ ನಾವು ಮೂವರೂ ಬಿಳಿ ಬಟ್ಟೆಯುಟ್ಟು, ಮಾಸ್ಕು ಹಾಕಿ, ದೂರ ದೂರ ನಿಂತೆವು. ಗಟ್ಟಿಯಾಗಿ ಹಾಡಿದರೆ ಅಕ್ಕಪಕ್ಕದವರು ಹೆದರಿಯಾರೆಂದು ಮೂಗಿನಲ್ಲೇ ಹಾಡಿಕೊಂಡೆವು. ಅಮ್ಮ ಮೇಣದಬತ್ತಿ ಹಚ್ಚಿ, ಚಪ್ಪಡಿಯ ಮೇಲೆ ಅಂಗೈಯಿಟ್ಟು, "ಎರ್ರಪ್ಪಾ..." ಎಂದಳು. ಅಷ್ಟರಲ್ಲಿ ತಾವು ಬಂದಿರಿ.

ಎಂಥ ಆಗಮನ! ಪೂರ್ವದಿಕ್ಕಿನಿಂದ ಕೆಂಪು ದೀಪ ಮಿಣುಕಿಸುತ್ತ, ಜೇನುಗೂಡು ಎದ್ದಂತೆ ಸದ್ದು ಮಾಡುತ್ತ, ಇಷ್ಟು ಕೆಳಕ್ಕಿಳಿದು ನಿಂತಿರೆಂದರೆ ನುಗ್ಗೆ ಹೂವೆಲ್ಲ ಪಕ್ಕದ ಮನೆಗೆ ಹೋಯಿತು, ಬತ್ತಿ ಆರಿತು, ಅಮ್ಮನ ಸೆರಗು ಕಪ್ಪು ಕನ್ನಡಕದ ಮೇಲೆ ಬಿತ್ತು. "ಗುಂಪು ಸೇರಬೇಡಿ, ಮನೆಯೊಳಗೆ ಹೋಗಿ" ಎಂದು ತಾವು ಅಪ್ಪಣೆ ಕೊಡಿಸಿದಿರಿ. ನಾವಿದ್ದದ್ದು ನಮ್ಮ ಮನೆಯಲ್ಲೇ. ಆದರೂ ಮೆಟ್ಟಿಲಿಳಿದು ಓಡಿದೆವು. ಅಮ್ಮ ಹೇಳಬೇಕಾದ ಮಾತು ಹೆಸರಿನ ಹತ್ತಿರವೇ ನಿಂತುಹೋಯಿತು. ಒಳಗೆ ಬಂದು ಅವಳು ಗೋಡೆಗೆ ಮುಖ ಮಾಡಿ ಕೂತಳು. ಕಣ್ಣಿಗೆ ನೀರು ತಗಲಬಾರದೆಂದು ಡಾಕ್ಟರು ಹೇಳಿದ್ದರು. ನಾನು ಹತ್ತಿಯಿಂದ ಒರೆಸುತ್ತ ಕೂತೆ. ನನಗೆ ತಮ್ಮ ಮೇಲೆ ಎಂಥ ಕೋಪ ಬಂದಿತ್ತೆಂದರೆ, ಆ ಹೊತ್ತು ತಾವು ಕಿಟಕಿಗೆ ಬಂದಿದ್ದರೆ ನನ್ನ ಕತ್ತರಿಗೂ ತಮಗೂ ಮಾತುಕತೆಯಾಗುತ್ತಿತ್ತು.

ತಾವು ಮಾತ್ರ ಕರ್ತವ್ಯ ಮರೆಯಲಿಲ್ಲ. ಕೆಳಗಿಳಿಯುವ ಮೊದಲೇ ಚಿತ್ರ ತೆಗೆದಿಟ್ಟು, ತಕ್ಷಣ ಮೇಲಿನವರಿಗೆ ರವಾನಿಸಿದಿರಿ. ಹೊಸ ಸುಣ್ಣದ ಸಮಾಧಿ, ಹೂವು, ಬತ್ತಿ, ಸುತ್ತ ಬಿಳಿ ಬಟ್ಟೆಯವರು, ಕ್ಯಾಮೆರಾ ಕಂಡು ಪರಾರಿ. ರೆಡ್ ಝೋನಿನ ಮನೆಯೊಂದರಲ್ಲಿ ಸಾವನ್ನು ಮುಚ್ಚಿಟ್ಟು ಹೆಣವನ್ನು ತಾರಸಿಯಲ್ಲೇ ಹೂಳಿದ್ದಾರೆ ಎಂಬ ತೀರ್ಮಾನಕ್ಕೆ ಬರಲು ಇನ್ನೇನು ಬೇಕು? ಸಿಮೆಂಟ್ ತಾರಸಿಯಲ್ಲಿ ಹೆಣ ಹೂಳುವುದು ಹೇಗೆಂದು ಯೋಚಿಸುವುದು ತಮ್ಮ ಇಲಾಖೆಯ ಕೆಲಸವಲ್ಲ, ಒಪ್ಪುತ್ತೇನೆ.

ಬಿಸಿಲೇರುವ ಮೊದಲೇ, ಅಡಿಯಿಂದ ಮುಡಿಯವರೆಗೆ ಬಿಳಿ ಕವಚ ತೊಟ್ಟ ಆರೋಗ್ಯ ಇಲಾಖೆಯವರಿಬ್ಬರು ನಮ್ಮ ತಾರಸಿಯ ಮೇಲಿದ್ದರು. ಅವರಲ್ಲೊಬ್ಬರು ತೊಟ್ಟಿಯಿಂದ ಮಾರು ದೂರದಲ್ಲಿ ನಿಂತು, ಒಳಗೆ ಯಾರಿದ್ದಾರೆಂದು ತೆಲುಗಿನಲ್ಲಿ ಕೇಳಿದರು: "ಲೋಪಲ ಎವರುನ್ನಾರಮ್ಮಾ?" ಅಮ್ಮ, "ತೆಗ್ದು ನೋಡ್ಕೊಳ್ರಪ್ಪ" ಎಂದಳು. ಅವರು ಬ್ಲೀಚಿಂಗ್ ಪೌಡರ್ ಚೆಲ್ಲಿ, ದೇವರನ್ನು ನೆನೆದು, ಚಪ್ಪಡಿಯನ್ನು ಪಕ್ಕಕ್ಕೆ ಸರಿಸಿದರು.

ಮಡಿಸಿಟ್ಟ ಬಿಳಿ ಟವಲ್ಲೊಂದು ಬಿಟ್ಟರೆ ಒಳಗೆ ಏನೂ ಇರಲಿಲ್ಲ.

ಮಾನ್ಯರೇ, ತಾವು ಸುವಾರ್ತೆಯನ್ನು ಓದಿರಲಾರಿರಿ. ಅಂದು ನಸುಕಿನಲ್ಲಿ ಹೆಂಗಸರು ಯೇಸುವಿನ ಸಮಾಧಿಯ ಹತ್ತಿರ ಹೋದಾಗ ಕಲ್ಲು ಸರಿದಿತ್ತು, ಬಿಳಿ ಉಡುಪಿನವರಿಬ್ಬರು ನಿಂತಿದ್ದರು, ಒಳಗೆ ಬಟ್ಟೆ ಮಾತ್ರ ಬಿದ್ದಿತ್ತು. ಇದನ್ನು ಅಮ್ಮ ಅರವತ್ತು ವರ್ಷದಿಂದ ಕೇಳುತ್ತ ಬಂದವಳು. ಅವಳು ತೊಟ್ಟಿಯನ್ನು ನೋಡಿದಳು, ಕವಚದವರನ್ನು ನೋಡಿದಳು, ಮತ್ತೆ ತೊಟ್ಟಿಯನ್ನು ನೋಡಿದಳು. ಆಮೇಲೆ ಎರಡೂ ಕೈಯಿಂದ ಎದೆ ಹಿಡಿದುಕೊಂಡು, "ಇಲ್ಲಿಲ್ಲ ಕಣ್ರಪ್ಪಾ! ಎದ್ಬುಟ್ಟವ್ನೆ! ಎದ್ಬುಟ್ಟವ್ನೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ; ನಾನಂತೂ ಅಳುತ್ತಿದ್ದೆ. ಯಾರು ಎದ್ದರು, ಎಲ್ಲಿಗೆ ಹೋದರು, ಅವರಿಗೆ ಜ್ವರವಿತ್ತೇ ಎಂದು ಕವಚದವರು ಗಾಬರಿಯಿಂದ ವಿಚಾರಿಸಿದರು. ಓಬುಳೇಶ್ ವಿಷಯ ತಿಳಿಸಿದ. ಅವರು ಒಳ್ಳೆಯವರು. ಇನ್ನು ಮುಂದೆ ತೊಟ್ಟಿಗೆ ಸುಣ್ಣ ಹೊಡೆಯುವ ಮುನ್ನ ಒಂದು ಮಾತು ತಿಳಿಸಿ ಎಂದಷ್ಟೇ ಹೇಳಿ, ಚಪ್ಪಡಿಯನ್ನು ತಾವೇ ಮುಚ್ಚಿ ಹೋದರು.

ಹೀಗೆ ಪಾಸ್ಟರ ಕೈಲಿ ಆಗದ್ದನ್ನು, ಫೋನಿನ ಕೈಲಿ ಆಗದ್ದನ್ನು ತಾವು ಮಾಡಿಸಿದಿರಿ. ಖಾಲಿ ಸಮಾಧಿಯನ್ನು ಸರ್ಕಾರದ ಸಮಕ್ಷಮದಲ್ಲಿ ತೆರೆದು ತೋರಿಸಿದ ಈಸ್ಟರ್ ನಮ್ಮದೊಂದೇ ಇರಬೇಕು. ಅದಕ್ಕಾಗಿ ಧನ್ಯವಾದ ಹೇಳಲು ನಾಲಿಗೆಯ ತುದಿಯವರೆಗೆ ಬರುತ್ತದೆ. ಆದರೆ ಸಂಜೆ ಅಮ್ಮ ಅನ್ನ ಮುಂದಿಟ್ಟುಕೊಂಡು, "ಇದು ಇಲ್ಲಿ ಹೇಳಿದ್ದಾಯ್ತು. ನಿಮ್ಮಪ್ಪನಿಗೆ ಹೇಳಿಲ್ವಲ್ಲಮ್ಮಾ" ಎಂದಳು. ತಟ್ಟೆ ಹಾಗೇ ಉಳಿಯಿತು.

ಆದ್ದರಿಂದ ತಮ್ಮಲ್ಲಿ ಒಂದು ಅರಿಕೆ. ತಮ್ಮ ಬ್ಯಾಟರಿ ನಮ್ಮ ಬೀದಿ ದಾಟುವುದರೊಳಗೆ ಸುಸ್ತಾಗುತ್ತದೆಂದು ಬಲ್ಲೆ. ಆದರೂ ತಮಗೆ ಸೋಮಂದೇಪಲ್ಲಿಯಲ್ಲಿ ತಡೆಯುವವರಿಲ್ಲ, ಮಾಸ್ಕು ಕೇಳುವವರಿಲ್ಲ. ಪೆನುಕೊಂಡ ಬೆಟ್ಟದ ಮೇಲೆ ಸ್ವಲ್ಪ ಕುಳಿತು ಸುಧಾರಿಸಿಕೊಂಡು, ಕಲ್ಯಾಣದುರ್ಗದ ಸಮಾಧಿ ತೋಟಕ್ಕೆ ಒಂದು ಸಲ ಹೋಗಿ ಬನ್ನಿ. ಅಲ್ಲಿರುವವರಿಗೆ ಗುಂಪು ಸೇರಬೇಡಿ, ಹೊರಗೆ ಬರಬೇಡಿ ಎಂದು ಸಾರುವ ಶ್ರಮ ಬೇಡ. ಬೇಲಿಯ ಕಡೆಯ ಸಾಲಿನಲ್ಲಿ, ಸುಣ್ಣ ಕಾಣದ ಹೊಸ ಸಮಾಧಿಯ ಮೇಲೆ ನಿಂತು, ಕೊರಳಿನ ಮೈಕಿನಲ್ಲಿ, "ಎರ್ರಪ್ಪನವರೇ, ಕ್ರಿಸ್ತ ಎದ್ದಿದ್ದಾನಂತೆ. ಮುನೆಮ್ಮ ಹೇಳಿಕಳಿಸಿದ್ದಾಳೆ. ಬಸ್ಸು ಬಿಟ್ಟ ದಿನ ತಾನೇ ಬರುತ್ತಾಳೆ" ಎಂದಿಷ್ಟು ಹೇಳಿ. ಅವರು ಟವಲ್ ಬೀಸಿ ಓಡಿಸಿಯಾರೆಂಬ ಭಯ ಬೇಡ, ಟವಲ್ಲು ನಮ್ಮಲ್ಲಿದೆ.

ಇಂತು, ತಾವು ಬಂದಾಗಲೆಲ್ಲ ಬಟ್ಟೆ ಹಿಡಿದುಕೊಳ್ಳಲು ಓಡುವ,

ತಮ್ಮ ವಿಶ್ವಾಸಿ,
ಸುಷ್ಮಾ

ಮರೆತಿದ್ದ ಮಾತು: ತಾವು ತೆಗೆದ ಈಸ್ಟರ್ ಚಿತ್ರ ಅಷ್ಟು ಬೇಗ ಮೇಲಿನವರನ್ನು ತಲುಪಿದ್ದು ಕಂಡು ಬಹಳ ಸಂತೋಷವಾಯಿತು, ಏಕೆಂದರೆ ಮೀನಾಳ ಮದುವೆಯ ವಿಡಿಯೋ ಇನ್ನೂ ನಮ್ಮನ್ನು ತಲುಪಿಲ್ಲ. ಕೇಳಿದಾಗಲೆಲ್ಲ ಹರಿಕೃಷ್ಣ ಹಾಡು ಸೇರಿಸುತ್ತಿದ್ದೇನೆ ಎನ್ನುತ್ತಾನೆ. ಹಾಡು ಬೇಡವೆಂದು ಹೇಳಿ. ಅಪ್ಪ ತಮ್ಮನ್ನು ಬೈಯುತ್ತಾ ಟವಲ್ ಬೀಸುವ ತುಂಡೊಂದು ಸಾಕು, ಅವರು ಓಡಾಡುವುದು ಉಳಿದಿರುವುದು ಅದೊಂದರಲ್ಲೇ. ಜೊತೆಗೆ ಆ ಈಸ್ಟರ್ ಚಿತ್ರದ್ದೂ ಒಂದು ಪ್ರತಿ ಕೊಡಿಸಿ. ಅಪರಾಧದ ಸಾಕ್ಷಿಯನ್ನು ಕೇಳುವುದು ತಪ್ಪೆಂದು ಗೊತ್ತು. ಆದರೆ ಅಮ್ಮ ಅದನ್ನು ಸೀರೆಯಲ್ಲಿ ಸುತ್ತಿಟ್ಟುಕೊಂಡು, ಮೊದಲನೇ ಬಸ್ಸಿಗೆ ಕಲ್ಯಾಣದುರ್ಗಕ್ಕೆ ಒಯ್ದು, "ನೋಡು, ಹೇಳಕ್ಕೇ ಅಂತ ನಿಂತಿದ್ದೆ" ಎಂದು ಅಪ್ಪನಿಗೆ ತೋರಿಸಬೇಕಂತೆ.