ಆಯಿಯ ಕಿವಿಗೆಂದು ಬಂದ ಸಬ್‌ವೂಫರ್ ಮಹಾಶಯರಿಗೆ

ಮಾನ್ಯರೇ,

ಬೇಡಕಿಹಾಳದ ನಮ್ಮ ಪಡಸಾಲೆಯ ಮೂಲೆಯಿಂದ ಜೋಳದ ಚೀಲವನ್ನು ಎಬ್ಬಿಸಿ ತಾವು ವಿರಾಜಮಾನರಾದ ದಿನದಿಂದ ತಮ್ಮೊಡನೆ ಎರಡು ಮಾತು ಆಡಬೇಕೆಂದಿದ್ದೆ. ನನ್ನದು ಮೊದಲೇ ಸಣ್ಣ ದನಿ. ತಾವು ಮಾತಿಗೆ ನಿಂತರೆ ಎದುರಿನವರ ಸರದಿ ಬರುವುದೇ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ತಮ್ಮ ಹನ್ನೆರಡು ಇಂಚಿನ ವಿಶಾಲ ಬಾಯಿಗೆ ಮೊದಲು ನನ್ನ ನಮಸ್ಕಾರ.

ತಾವು ಬಂದದ್ದು ನಮ್ಮ ಅಜ್ಜಿ ರುಕ್ಮವ್ವನಿಗಾಗಿ ಎಂಬುದು ತಮಗೆ ನೆನಪಿರಲಿಕ್ಕಿಲ್ಲ. ನಾವೆಲ್ಲ ಆಯಿ ಎಂದು ಕರೆಯುವ ಅವಳಿಗೆ ಕಿವಿ ಮಂದವಾಗಿ, ಸಂಜೆಯ ಧಾರಾವಾಹಿಯ ಮಾತುಗಳು ತಪ್ಪಿಹೋಗತೊಡಗಿದ್ದವು. 'ಏನಂದ್ಳು?' ಎಂದು ಅವಳು ಕೇಳುವಳು. ಒಂದು ಮಾತನ್ನು ಎರಡು ಸಲ ಹೇಳುವ ತ್ರಾಣ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹಾಗಾಗಿ ಅವಳ ಮಗ, ನಮ್ಮ ದುಂಡೇಶ ಕಾಕಾ, ನಿಪ್ಪಾಣಿಯ ಅಂಗಡಿಗೆ ಹೋಗಿ, 'ನಮ್ಮವ್ವಗ ಕೇಳಸಬೇಕ್ರಿ, ಬೇಸ್ ಇರೋದು ಕೊಡ್ರಿ' ಎಂದರು. ನಮ್ಮ ಕಡೆ ಬೇಸ್ ಎಂದರೆ ಚೆನ್ನಾಗಿರುವುದು. ಅಂಗಡಿಯವರ ಕಡೆ ಬೇಸ್ ಎಂದರೆ ಗುಡುಗುವ ದನಿಯ ತಾವು. 'ಬೇಸ್ ಬೇಕೇನ್ರಿ? ಮದಲ ಹೇಳಬಾರದ?' ಎಂದು ಅವರು ಒಳಗಿನಿಂದ ತಮ್ಮನ್ನು ಇಬ್ಬರ ಕೈಯಲ್ಲಿ ಹೊರಿಸಿ ತಂದರು. ಕೋಣೆ ಎಷ್ಟು ದೊಡ್ಡದು, ಮೇಲೆ ಸ್ಲ್ಯಾಬೋ ತಗಡಿನ ಪತ್ರಾಸೋ ಎಂದು ಕೇಳಿ ತಮ್ಮ ಘನತೆಗೆ ಕುಂದು ತರಲಿಲ್ಲ.

ಕನ್ನಡ ಎಂ.ಎ. ಓದಿದವಳಾಗಿ ತಮ್ಮ ಭಾಷಾಶೈಲಿಯನ್ನು ಮೆಚ್ಚದಿರಲಾರೆ. ಉಳಿದವರೆಲ್ಲ ಅಷ್ಟೊಂದು ಅಕ್ಷರಗಳೊಡನೆ ಒದ್ದಾಡುವಾಗ ತಾವು ಢಕಾರವೊಂದರಲ್ಲೇ ಸಕಲವನ್ನೂ ಹೇಳಿ ಮುಗಿಸುತ್ತೀರಿ. ಸೊಸೆ ಅತ್ತರೂ ಢಂ, ಅತ್ತೆ ನಕ್ಕರೂ ಢಂ. ಮೇಲಿನ ಪತ್ರಾಸು ತಾಳ ಹಾಕುತ್ತದೆ, ಸ್ಟೀಲಿನ ಲೋಟಗಳು ಹಲಗೆಯ ತುದಿಯವರೆಗೆ ಸಾಲುಗಟ್ಟಿ ದಿಂಡಿಯಾತ್ರೆ ಹೊರಡುತ್ತವೆ. ಮೊದಲ ದಿನವೇ ಆಯಿ, 'ಮಾತ ಒಂದೂ ಕೇಳವಲ್ದು, ಎದಿಯಾಗ ಯಾರೋ ಖಾರ ಕುಟ್ಟಾಕತ್ತಾರ' ಎಂದಳು. ಕಾಕಾ ಹಿಗ್ಗಿದರು: 'ನೋಡ್ರಿ, ಅವ್ವಗ ಗೊತ್ತಾಗಾಕತ್ತೈತಿ!'

ಇನ್ನು ತಮ್ಮ ಊಟೋಪಚಾರ. ಸಂಜೆ ಬಾವಿಗಳ ಮೋಟರು ಶುರುವಾದರೆ ನಮ್ಮೂರ ಕರೆಂಟಿಗೆ ಜೀವವೇ ಇರುವುದಿಲ್ಲ. ತಮ್ಮ ಒಂದೊಂದು ಢಂಕಾರಕ್ಕೂ ದೀಪ ಕಣ್ಣು ಮುಚ್ಚಿ ಮರ್ಯಾದೆ ಸಲ್ಲಿಸುತ್ತದೆ. ತಮಗೆ ಅರೆಹೊಟ್ಟೆಯಾದೀತೆಂದು ಕಾಕಾ ಸ್ಟೆಬಿಲೈಜರ್ ತಂದರು. ಅದೂ ಸಾಲದೆ, ಇನ್ವರ್ಟರಿನಿಂದ ಆಯಿಯ ಫ್ಯಾನಿಗೆ ಹೋಗುತ್ತಿದ್ದ ವೈರನ್ನು ಕಿತ್ತು ತಮಗೆ ಜೋಡಿಸಿದರು. ಯಾರಿಗಾಗಿ ತಾವು ಬಂದಿರೋ ಅವಳು ಈಗ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಾಳೆ. ಆ ರಟ್ಟು ತಮ್ಮ ಪೆಟ್ಟಿಗೆಯದೇ ಎಂಬುದು ತಮ್ಮ ಔದಾರ್ಯ.

ಕಳೆದ ವಾರ ಧಾರಾವಾಹಿಯಲ್ಲಿ ಕೋರ್ಟಿನ ತೀರ್ಪಿತ್ತು. ವಿಷ ಹಾಕಿದವಳು ಹಿರಿಸೊಸೆಯೋ ಅಲ್ಲವೋ ಎಂದು ತಿಳಿಯಲು ಆಯಿ ಊಟ ಬಿಟ್ಟು ಕೂತಿದ್ದಳು. ನ್ಯಾಯಾಧೀಶರು ಬಾಯಿ ತೆರೆದರು. 'ಏನಂದಾ?' ಎಂದಳು ಆಯಿ. ಕಾಕಾ ಉತ್ತರವಾಗಿ ಗುಂಡಿ ತಿರುಗಿಸಿ ತಮ್ಮ ದನಿ ಏರಿಸಿದರು. ತಾವು ತೀರ್ಪು ಕೊಟ್ಟಿರಿ. ಇನ್ವರ್ಟರು ಕಿರುಚಿ ಮಲಗಿತು, ಅದನ್ನೇ ನೆಚ್ಚಿದ್ದ ಟಿ.ವಿ., ದೀಪ ಎಲ್ಲ ಆರಿದವು. ಕತ್ತಲಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕಿ, ಕೇಳಿದಳು: 'ರೀ, ಏನಂದಾ ಜಜ್ಜ?' ಕಾಕಾ ನನ್ನತ್ತ ತಿರುಗಿದರು: 'ಮೇಘಾ, ಏನಂದಾನ?' ನನಗೂ ಕೇಳಿಸಿರಲಿಲ್ಲ. ತಮ್ಮ ಕೃಪೆಯಿಂದ ಕಿವಿಗಳು ಗುಂಯ್ಗುಡುತ್ತಿದ್ದುದರಿಂದ ಎಲ್ಲರೂ ಅರಚಿಯೇ ಕೇಳುತ್ತಿದ್ದೆವು. ಹಾಗಾಗಿ ಎಷ್ಟೋ ತಿಂಗಳ ಮೇಲೆ ಆಯಿಗೆ ಮನೆಯ ಮಾತೆಲ್ಲ ಕೇಳಿಸಿತು. ಅವಳು ನಕ್ಕಳು. 'ಲೇ ದುಂಡ್ಯಾ, ಈಗರೆ ಗೊತ್ತಾತಿಲ್ಲೋ, ನಾ ದಿನಾ ಹೆಂಗ ಕುಂದರತೀನಂತ?' ಆ ಮಾತು ಮಾತ್ರ ಎಲ್ಲರಿಗೂ ಒಂದೇ ಸಲಕ್ಕೆ ಕೇಳಿಸಿತು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಉಳಿದ ಅಕ್ಷರಗಳನ್ನು ಕಲಿಯುವುದು ತಮ್ಮ ಅಂತಸ್ತಿಗೆ ಕಡಿಮೆಯಾಗುವುದಾದರೆ, ಇನ್ನಷ್ಟು ಗರ್ಜಿಸಿ ಈ ಮನೆಯ ಎಲ್ಲರ ಕಿವಿಯನ್ನೂ ಆಯಿಯ ಕಿವಿಯ ಸಮಕ್ಕೆ ತಂದುಬಿಡಿ. ಆಗಲಾದರೂ ನಾವು ಪರಸ್ಪರ ಮುಖ ನೋಡಿ, ನಿಧಾನವಾಗಿ ಮಾತಾಡಿಯೇವು.

ಕಿವಿ ಇನ್ನೂ ಅಷ್ಟಿಷ್ಟು ಉಳಿದಿರುವ,
ತಮ್ಮ ವಿಶ್ವಾಸಿ,
ಮೇಘಾ

ವಿ.ಸೂ.: ತಮಗೆ ಜೋಡಿಯಾಗಿ ಹದಿನೈದು ಇಂಚಿನವರೊಬ್ಬರನ್ನು ವಿಚಾರಿಸಲು ಕಾಕಾ ಅಥಣಿಗೆ ಹೋಗಿದ್ದಾರೆ. ಅವರಿಗೆ ಜಾಗ ಮಾಡಲು ಆಯಿಯ ಮಂಚವನ್ನು ಅಡುಗೆಮನೆಗೆ ಸರಿಸುವ ವಿಚಾರವಿದೆ. ಆಯಿಯನ್ನು ಇನ್ನೂ ಕೇಳಿಲ್ಲ. ಆದರೆ ಹೊರಡುವ ಮುಂಚೆ ಕಾಕಾ ಆ ವಿಚಾರವನ್ನು ಆಯಿಯ ಮಂಚದ ಪಕ್ಕದಲ್ಲೇ ನಿಂತು ಕಾಕಿಯೊಡನೆ ಮಾತಾಡಿದರು, ಹೇಗೂ ಕೇಳಿಸುವುದಿಲ್ಲವಲ್ಲ.