ಮೇಲಿನ ಮನೆಯ ಹೆಚ್ಚುವರಿ ಜನ

ಬಾಡಿಗೆಗೆ ಮನೆ ಕೊಟ್ಟವರೆಲ್ಲ ಮಾಲೀಕರಾಗಲು ಸಾಧ್ಯವಿಲ್ಲ. ಅದಕ್ಕೆ ಗತ್ತು ಬೇಕು, ಬೇಕೆಂದಾಗ ಹುಬ್ಬು ಗಂಟಿಕ್ಕಲು ಬರಬೇಕು. ನನಗೆ ಎರಡೂ ಬಾರದು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದಾಗ ಸೀಟಿ ಊದಿದರೆ ಇಡೀ ಮೈದಾನ ಸಾಲಾಗಿ ನಿಲ್ಲುತ್ತಿತ್ತು. ನಿವೃತ್ತನಾದ ದಿನ ಸೀಟಿಯನ್ನು ಶಾಲೆಗೇ ಬಿಟ್ಟು ಬಂದೆ. ಆಮೇಲೆ ನನ್ನ ಮಾತನ್ನು ಯಾರಾದರೂ ಕೇಳಿದ ನೆನಪಿಲ್ಲ.

ಹಾರೋಹಳ್ಳಿಯ ನಮ್ಮ ಮಹಡಿ ಮನೆಯನ್ನು ಫ್ಯಾಕ್ಟರಿ ಕೆಲಸದ ಸಿದ್ದರಾಜುವಿಗೂ ಅವನ ಗೆಳೆಯನಿಗೂ ಕೊಟ್ಟಿದ್ದೆ. ಇಬ್ಬರೇ ಇರತಕ್ಕದ್ದು ಎಂದು ಕರಾರು. ಒಂದು ಬೆಳಿಗ್ಗೆ ನನ್ನ ಹೆಂಡತಿ ಜಯಮ್ಮ ಸಂಪಿನ ಮುಚ್ಚಳ ತೆಗೆದು ನೋಡಿ, "ರೀ, ಇದು ಇಬ್ರು ಖರ್ಚು ಮಾಡೋ ನೀರಾ? ಮೇಲ್ಗಡೆ ಒಂದ್ ದಂಡೇ ಸೇರ್ಕಂಡೈತೆ" ಎಂದಳು. ನಾನು ಒಪ್ಪಲಿಲ್ಲ. ಯಾವಾಗ ಇಣುಕಿದರೂ ಅಲ್ಲಿ ಇಬ್ಬರೇ ಇರುತ್ತಿದ್ದರು. ಅವರು ಪ್ರತಿ ಸಲವೂ ಬೇರೆ ಇಬ್ಬರು ಎಂದು ಮಾತ್ರ ನನಗೆ ಹೊಳೆದಿರಲಿಲ್ಲ. ಜಯಮ್ಮನೇ ಕಾದು ನೋಡಿ ಪತ್ತೆ ಮಾಡಿದಳು: ಒಂದು ಶಿಫ್ಟಿನವರು ಎದ್ದ ಚಾಪೆಯ ಮೇಲೆ ಇನ್ನೊಂದು ಶಿಫ್ಟಿನವರು ಬಂದು ಮಲಗುತ್ತಿದ್ದರು. ಎಲ್ಲರದೂ ಅದೇ ನೀಲಿ ಯೂನಿಫಾರಂ. ಜೀವಮಾನವೆಲ್ಲ ಮಕ್ಕಳ ತಲೆ ಎಣಿಸಿದವನಿಗೆ ಇದಕ್ಕಿಂತ ಅವಮಾನವಿಲ್ಲ.

"ಹೆಚ್ಚಾಗಿರೋರ್ನೆಲ್ಲ ಇವತ್ತೇ ಕಳ್ಸಿ. ನಿಮ್ ಕೈಲಾಗ್ದಿದ್ರೆ ನಾನೇ ಹೋಯ್ತೀನಿ" ಎಂದಳು ಜಯಮ್ಮ. ಅವಳು ಹೋದರೆ ಬಾಡಿಗೆದಾರರ ಜೊತೆ ನನ್ನ ಮಾನವೂ ಖಾಲಿಯಾಗುತ್ತದೆ. ಸಂಜೆ ಮೆಟ್ಟಿಲು ಹತ್ತುತ್ತಲೇ ಬೈಯುವುದನ್ನು ಬಾಯಿಪಾಠ ಮಾಡಿಕೊಂಡೆ.

ಬಾಗಿಲು ತೆರೆದೇ ಇತ್ತು. ಒಳಗೆ ಹಿರಿಯರೊಬ್ಬರು ನೆಲದ ಮೇಲೆ ಕೂತು, ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿದು ಕೋಲಿನಿಂದ ರಾಗಿ ಹಿಟ್ಟು ತಿರುವುತ್ತಿದ್ದರು. ಆ ಘಮ ಮೂಗಿಗೆ ಬಡಿದದ್ದೇ ನಾನು ಅರ್ಧ ಸೋತೆ. ಜಯಮ್ಮನಿಗೆ ಮಣಿಕಟ್ಟು ನೋವು ಬಂದ ಮೇಲೆ ನಮ್ಮ ಮನೆಯಲ್ಲಿ ಮುದ್ದೆ ನಿಂತೇ ಹೋಗಿತ್ತು. ನಾನೊಮ್ಮೆ ಮಾಡಿದ ಮುದ್ದೆಯನ್ನು ಬೀದಿನಾಯಿಯೂ ಮೂಸಿ ನೋಡಿ ಮುಂದೆ ಹೋಯಿತು.

"ನಮ್ಮಾವ ಸಾ, ಉಯ್ಯಂಬಳ್ಳಿಯವ್ರು. ಇಲ್ಲೇ ಫ್ಯಾಕ್ಟ್ರೀಲಿ ವಾಚ್‌ಮನ್ನು" ಎಂದು ಸಿದ್ದರಾಜು ತಲೆ ಕೆರೆದುಕೊಂಡ.

"ಬನ್ನಿ ಮೇಷ್ಟ್ರೇ, ಒಸಿ ಉಂಡ್ಬುಟ್ಟು ಮಾತಾಡೀರಂತೆ" ಎಂದರು ಮಾವ. ಉಣ್ಣುವ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಕರೆದಾಗ ಬೇಡವೆನ್ನುವ ಪದ್ಧತಿ ನನ್ನಲ್ಲಿಲ್ಲ. ಹುರುಳಿಕಾಳಿನ ಬಸ್ಸಾರು. ಮುದ್ದೆ ನುಂಗುವಾಗ ಬೈಯಲು ಬರುವುದಿಲ್ಲ. ಉಂಡ ಮೇಲಂತೂ, ಸಾರಿನ ವಾಸನೆ ಇನ್ನೂ ಆರದ ಕೈಯನ್ನೇ ಚಾಚಿ ಹೊರಗೆ ನಡೆಯಿರಿ ಎನ್ನುವುದು ಹೇಗೆ? ಕೆಳಗಿಳಿದು, "ಖಡಕ್ಕಾಗಿ ಹೇಳಿದ್ದೀನಿ, ಟೈಮ್ ಕೇಳಿದ್ದಾರೆ" ಎಂದೆ. ಮರುದಿನ ಇನ್ನೂ ಖಡಕ್ಕಾಗಿ ಹೇಳಲು ಹೋದೆ. ಹೀಗೆ ನನ್ನ ಖಡಕ್ಕುತನ ದಿನಾ ಸಂಜೆ ನಡೆಯಿತು; ಜಯಮ್ಮ ಬಡಿಸಿದ ಅನ್ನ ಮಾತ್ರ ತಟ್ಟೆಯಲ್ಲೇ ಉಳಿಯತೊಡಗಿತು.

ಒಂದು ಸಂಜೆ ಸಿದ್ದರಾಜು, "ಸಾ, ನಿಮ್ಗೂ ತೊಂದ್ರೆ ಆಯ್ತು. ಮಿಕ್ಕೋರು ಬೇರೆ ರೂಮ್ ನೋಡ್ಕಂಡವ್ರೆ. ಮಾವನೂ ಹೋಯ್ತಾರೆ" ಎಂದ.

ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಮಿಕ್ಕೋರು ಹೋಗ್ಲಿ. ಮಾವ ಯಾಕಯ್ಯ ಹೋಗ್ಬೇಕು?" ಎಂದು ಕೂಗಿದೆ.

"ಹಿಂಗೋ ಖಾಲಿ ಮಾಡ್ಸೋದು?"

ಬಾಗಿಲಲ್ಲಿ ಜಯಮ್ಮ ನಿಂತಿದ್ದಳು. ನಾನು ತಟ್ಟೆಯನ್ನು ಬೆನ್ನ ಹಿಂದೆ ಸರಿಸಿದೆ. ಮಾವ ಮಾತ್ರ ಗಾಬರಿಯಾಗಲಿಲ್ಲ. "ಬನ್ನಿ ತಾಯಿ, ಬಿಸಿ ಐತೆ" ಎಂದು ತಟ್ಟೆ ಹಾಕಿದರು. ಅವಳು ಬೇಡವೆಂದಳು, ಆಮೇಲೆ ಕೂತಳು. ಎಷ್ಟೋ ತಿಂಗಳ ಮೇಲೆ ಮುದ್ದೆ ಮುರಿಯುತ್ತಿದ್ದ ಅವಳ ಮುಖ ನೋಡಿ ನನಗೇ ನಾಚಿಕೆಯಾಯಿತು. ಇಷ್ಟು ದಿನ ಒಬ್ಬನೇ ಉಂಡೆನಲ್ಲ.

ಕೈ ತೊಳೆದು ಬಂದು ಅವಳು ತೀರ್ಪು ಕೊಟ್ಟಳು. "ಮಾವ ಇಲ್ಲೇ ಇರ್ಲಿ. ಸಿದ್ದರಾಜು, ಇನ್ಮೇಲೆ ನಂಗೂ ಒಂದ್ ಮುದ್ದೆ ಕೆಳಕ್ಕೆ ಕಳ್ಸಪ್ಪ, ಸಾರು ನಾನ್ ಮಾಡಿ ಕೊಡ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ಏಳಿ ಮೇಲೆ. ಕರಾರಲ್ಲಿ ನಿಮ್ಮನ್ನ ಸೇರ್ಸಿಲ್ಲ" ಎಂದಳು.

ಮಹಡಿ ಮನೆಯಿಂದ ಯಾರನ್ನಾದರೂ ಕುತ್ತಿಗೆ ಹಿಡಿದು ಕೆಳಗಿಳಿಸಿದ್ದು ಅದೊಂದೇ ಸಲ, ಇಳಿದವನು ನಾನೊಬ್ಬನೇ.